ಮಡಚಿದ ಬೆರಳು

ನಮ್ಮ ಕಡೆ ಬಳ್ಳಿಯಲ್ಲಿ ಬಿಟ್ಟ ಹೀಚಿಗೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಸೋರೆಯಾಗಲಿ ಕುಂಬಳವಾಗಲಿ, ಹೂವಿನ ಬುಡದಲ್ಲಿ ಎಳೆಯ ಕಾಯಿ ಕಂಡರೆ ತೋರುಬೆರಳನ್ನು ಮಡಚಿ ಗೆಣ್ಣಿನಿಂದ ತೋರಿಸಬೇಕು. ನೆಟ್ಟಗೆ ಬೆರಳು ಚಾಚಿದರೆ ಹೀಚು ಕೊಳೆತು ಉದುರಿಹೋಗುತ್ತದೆ ಎಂದು ನಂಬಿಕೆ. ಮಳವಳ್ಳಿ ಕಡೆಯ ನನ್ನ ತವರಿನಲ್ಲಿ, ಕೊಟ್ಟಿಗೆಯ ಹೆಂಚಿನ ಮೇಲೆ ಹಬ್ಬಿದ್ದ ಕುಂಬಳದ ಬಳ್ಳಿಗೆ ನಾನೊಮ್ಮೆ ಬೆರಳು ಚಾಚಿದ್ದಕ್ಕೆ ಅವ್ವ ಕೈಯ ಮೇಲೆ ಪಟ್ಟನೆ ಹೊಡೆದಿದ್ದಳು. ಆಮೇಲೆ ನಾನು ಬಿ.ಎಸ್ಸಿ. ಓದಿದೆ, ಬಿ.ಎಡ್. ಮಾಡಿದೆ, ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಅವ್ವನ ಏಟು ಮರೆತೇ ಹೋಗಿದೆ ಎಂದುಕೊಂಡಿದ್ದೆ.

ನನ್ನ ಮನೆ ಮಂಡ್ಯದಲ್ಲಿ. ಬೆಳಗಿನ ಬಸ್ಸು ಗೆಜ್ಜಲಗೆರೆಯಲ್ಲಿ ಕಾರ್ಖಾನೆಗೆ ಹೋಗುವವರನ್ನು ಇಳಿಸಿದ ಮೇಲೆಯೇ ನನಗೆ ಕೂರಲು ಸೀಟು ಸಿಗುವುದು. ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಮದ್ದೂರು ಬಂದುಬಿಡುತ್ತದೆ. ಅಲ್ಲಿ ಇಳಿದು ಕೊಕ್ಕರೆ ಬೆಳ್ಳೂರಿನ ಕಡೆಗೆ ಹೋಗುವ ಇನ್ನೊಂದು ಬಸ್ಸು ಹಿಡಿದು ಶಾಲೆ ತಲುಪಬೇಕು. ಇಷ್ಟು ಹೊತ್ತಿಗೆ ನನ್ನ ತಾಳ್ಮೆ ಅರ್ಧ ಖರ್ಚಾಗಿರುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಮಕ್ಕಳಿಗೂ ಗೊತ್ತು, ನಮ್ಮ ಹೆಡ್‌ಮಾಸ್ಟರಿಗೂ ಗೊತ್ತು.

ಹೋದ ವರ್ಷ ಶಾಲೆ ಶುರುವಾದಾಗ ಬಿಸಿಯೂಟದ ಅಡುಗೆ ಕೋಣೆಗೂ ಕಾಂಪೌಂಡಿಗೂ ನಡುವೆ ಇದ್ದ ಜಾಗದಲ್ಲಿ ಕೈತೋಟ ಮಾಡಿಸುತ್ತೇನೆಂದು ನಾನೇ ಮುಂದೆ ಬಿದ್ದೆ. ಪೋಷಕರ ಸಭೆಯಲ್ಲಿ ಎದ್ದು ನಿಂತು ಭಾಷಣವನ್ನೂ ಮಾಡಿದೆ. ಗಿಡ ನೆಟ್ಟು ಸಾಕಿದ ಮಕ್ಕಳು ತಾಳ್ಮೆ ಕಲಿಯುತ್ತಾರೆ, ಗಮನಿಸುವುದನ್ನು ಕಲಿಯುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಯಾಕೆ ಹೀಗಾಯಿತು ಎಂದು ಕಾರಣ ಹುಡುಕುವುದನ್ನು ಕಲಿಯುತ್ತಾರೆ ಎಂದೆ. ಗದ್ದೆಯಲ್ಲಿ ಹುಟ್ಟಿ ಗದ್ದೆಯಲ್ಲೇ ಬೆಳೆದ ಜನ ನನ್ನ ಮಾತನ್ನು ಮರ್ಯಾದೆಗೆ ಕೇಳಿಸಿಕೊಂಡರು. ಒಬ್ಬರು ಮಾತ್ರ ಎದ್ದು, "ಮನೇಲಿ ಕಳೆ ಕೀಳು ಅಂದ್ರೆ ಓಡೋಯ್ತವೆ ಮೇಡಂ, ನೀವಾದ್ರೂ ಕೀಳ್ಸಿ," ಎಂದರು.

ಕಳೆ ಕೀಳಿಸಿದೆ. ದಂಟು, ಬೆಂಡೆ, ಟೊಮೊಟೊ ಹಾಕಿಸಿದೆ. ಅಡುಗೆ ಕೋಣೆಯ ಗೋಡೆಗೆ ಒರಗಿಸಿ ಗಳುಗಳಿಂದ ಚಪ್ಪರ ಕಟ್ಟಿಸಿ ಅದಕ್ಕೆ ಸೋರೆ ಬಳ್ಳಿ ಹಬ್ಬಿಸಿದೆವು. ಊಟವಾದ ಮೇಲೆ ಮಕ್ಕಳೆಲ್ಲ ಗಿಡಗಳ ಬುಡದಲ್ಲಿ ತಟ್ಟೆ ತೊಳೆಯಬೇಕೆಂದು ನಿಯಮ ಮಾಡಿದೆ. ಬೇರೆ ನೀರು ಹೊರುವ ಗೋಜೇ ಇರಲಿಲ್ಲ.

ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಸಣ್ಣ ಮೈ, ಬಿಗಿಯಾಗಿ ಹೆಣೆದ ಎರಡು ಜಡೆ, ಮಾತು ಕಡಿಮೆ. ತಾಯಿ ಗೆಜ್ಜಲಗೆರೆಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವಳನ್ನು ನೋಡಿಕೊಳ್ಳುತ್ತಿದ್ದವರು ಅಜ್ಜಿ. ಅವಳು ಹಾಕಿದ ಬೀಜ ಹುಟ್ಟದೆ ಇದ್ದದ್ದೇ ಇಲ್ಲ. ಮೊದಲ ಸಾಲು ದಂಟು ಅವಳು ಚೆಲ್ಲಿದ ಕಡೆ ಒತ್ತಾಗಿ ಎದ್ದಿತು, ಮಿಕ್ಕ ಕಡೆ ಇರುವೆಗಳು ಬೀಜವನ್ನು ಹೊತ್ತುಕೊಂಡು ಹೋಗಿದ್ದವು. ಅಂದಿನಿಂದ ಏನು ಬಿತ್ತಬೇಕಾದರೂ ಮಕ್ಕಳು ಅವಳನ್ನು ಮುಂದೆ ನೂಕುತ್ತಿದ್ದರು. "ಅವಳ ಕೈಲಿ ಆಕ್ಸಿ ಮಿಸ್, ಅವಳ ಕೈಗುಣ ಚೆಂದಾಗಿ ಅದೆ," ಎನ್ನುತ್ತಿದ್ದರು. ಊರಲ್ಲೂ ಹಾಗೆಯೇ ಇತ್ತಂತೆ. ಅಕ್ಕಪಕ್ಕದವರು ಅವರೆ ಬೀಜ ಊರುವ ದಿನ ಅವಳನ್ನು ಕರೆದುಕೊಂಡು ಹೋಗಿ ಮೊದಲ ಕಾಳು ಹಾಕಿಸುತ್ತಿದ್ದರಂತೆ. ಕೈಗುಣ ಎನ್ನುವುದೆಲ್ಲ ಇಲ್ಲ, ಅವಳು ಬೀಜದ ಮೇಲೆ ಮಣ್ಣು ಸರಿಯಾಗಿ ಎಳೆಯುತ್ತಾಳೆ ಅಷ್ಟೆ ಎಂದು ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ. ಹೊಗಳಿಕೆ ತಾನೆ, ಇರಲಿ ಎಂದು ಬಿಟ್ಟೆ. ಆ ಹುಡುಗಿ ಅಷ್ಟು ಹೊತ್ತು ತಲೆ ಎತ್ತಿ ನಿಲ್ಲುತ್ತಿದ್ದದ್ದು ಆಗ ಮಾತ್ರ.

ಸೋರೆ ಬಳ್ಳಿ ಚಪ್ಪರ ತುಂಬಿತು, ಬಿಳಿ ಹೂವು ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರಿದವು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತ, "ಮೇಡಂ ತೋಟದಲ್ಲಿ ಪೂಜೆಗೆ ಹೂವು ಸಿಗುತ್ತೆ, ಸಾಂಬಾರಿಗೆ ಕಾಯಿ ಮಾತ್ರ ಕೇಳಬೇಡಿ," ಎಂದು ಛೇಡಿಸುವುದು ದಿನಚರಿಯಾಯಿತು. ನಾನು ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಗೌರಿ ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ಆ ಹುಡುಗಿ ಚಪ್ಪರದ ಕೆಳಗಿನಿಂದ ನನ್ನನ್ನು ಕರೆದಳು. ಯಾವತ್ತೂ ದನಿ ಎತ್ತದವಳು ಅಂದು ಎತ್ತಿದ್ದಳು.

"ಮಿಸ್, ಅಲ್ನೋಡಿ, ಕಾಯಿ ಕಚ್ಚ್ಯದೆ."

ಎಲೆಗಳ ನಡುವೆ ಹೆಬ್ಬೆರಳಷ್ಟು ದಪ್ಪದ, ನವಿರು ಕೂದಲಿನ ಹೀಚು. ಅವಳ ತೋರುಬೆರಳು ಅದರತ್ತ ನೆಟ್ಟಗೆ ಚಾಚಿತ್ತು.

"ಏ, ಬೆರಳು ತೋರುಸ್ಬ್ಯಾಡ ಕಣೇ, ಕೊಳ್ತೋಯ್ತದೆ," ಎಂದೆ. ಅಷ್ಟೇ ಅಲ್ಲ, ಅವಳ ಕೈಯ ಮೇಲೆ ಪಟ್ಟನೆ ಹೊಡೆದೆ.

ಶಾಲೆಯಲ್ಲಿ ನಾನು ಹಾಗೆ ಮಾತಾಡುವವಳಲ್ಲ. ಆ ಮಾತು, ಆ ದನಿ, ಆ ಏಟು ಎಲ್ಲವೂ ಅವ್ವನವು. ಮಕ್ಕಳೆಲ್ಲ ಸುತ್ತ ನಿಂತಿದ್ದರು. ಆಗಲೇ ನಕ್ಕು, ಅಯ್ಯೋ ಬಾಯಿ ತಪ್ಪಿ ಬಂತು, ಬೆರಳಿಗೂ ಕಾಯಿಗೂ ಏನು ಸಂಬಂಧ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಮುಜುಗರವಾಯಿತು. ಮುಜುಗರವಾದಾಗ ನನಗೆ ಇನ್ನಷ್ಟು ಕೋಪ ಬರುತ್ತದೆ. "ಬೆಲ್ ಹೊಡೀತು, ನಡೀರಿ ಎಲ್ಲ," ಎಂದು ಗದರಿ ತರಗತಿಗೆ ಅಟ್ಟಿದೆ. ಹುಡುಗಿ ಆ ಕೈಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು ಹೋದಳು.

ಹಬ್ಬದ ರಜೆ ಮುಗಿಸಿ ಬಂದಾಗ ಹೀಚು ಹಳದಿ ತಿರುಗಿತ್ತು. ತುದಿಯ ಕಡೆ ಮೆತ್ತಗಾಗಿತ್ತು. ಮುಟ್ಟಿದರೆ ಕೈಗೇ ಬಂತು. ಮಕ್ಕಳು ಗುಂಪುಗಟ್ಟಿದರು. ಏಳನೆಯ ತರಗತಿಯ ಹುಡುಗನೊಬ್ಬ, ತೋಟದ ಕೆಲಸದಲ್ಲಿ ಯಜಮಾನಿಕೆ ಮಾಡುತ್ತಿದ್ದವನು, "ಇವಳು ಬೆರಳು ಮಾಡುದ್ಲಲ್ಲ, ಅದ್ಕೇ ಕಣ್ಲಾ," ಎಂದು ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವಳ ಕಿವಿಗೂ ಬಿತ್ತು. ಅವಳು ನನ್ನ ಮುಖ ನೋಡಿದಳು.

ಆಗ ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಅಡುಗೆಯವರಿಂದ ಚಾಕು ಇಸಿದುಕೊಂಡು ಆ ಹೀಚನ್ನು ಎಲ್ಲರ ಮುಂದೆ ಸೀಳಬೇಕಿತ್ತು. ಯಾಕೆ ಹೀಗಾಯಿತು ಎಂದು ಕಾರಣ ಹುಡುಕುವುದನ್ನು ಕಲಿಸುತ್ತೇನೆಂದು ಮೈಕು ಹಿಡಿದು ಹೇಳಿದವಳು ನಾನೇ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಸ್ಟಾಫ್ ರೂಮಿನ ನಗು. ಹೀಚನ್ನು ಗೊಬ್ಬರದ ಗುಂಡಿಗೆ ಎಸೆದು, "ಆಯ್ತು, ಹೋಗಲಿ ಬಿಡಿ, ಅವಳೇನು ಬೇಕೂಂತ ಮಾಡಿದ್ಲಾ," ಎಂದೆ. ಅವಳ ಪರವಾಗಿ ಮಾತಾಡಿದೆನೆಂದೇ ಅಂದುಕೊಂಡಿದ್ದೆ. ಯೋಚಿಸಿದರೆ ಈಗ ಮೈ ಹಿಡಿಯಾಗುತ್ತದೆ. ಅವಳು ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ.

ಮುಂದಿನದೆಲ್ಲ ನಿಧಾನವಾಗಿ ನಡೆಯಿತು, ನನಗೆ ತಿಳಿದದ್ದು ಇನ್ನೂ ನಿಧಾನವಾಗಿ. ಮೆಂತ್ಯ ಚೆಲ್ಲುವ ದಿನ ಮಕ್ಕಳು ಅವಳನ್ನು ಮುಂದೆ ನೂಕಲಿಲ್ಲ. ಬೀಜದ ಪೊಟ್ಟಣ ಕೈಯಿಂದ ಕೈಗೆ ದಾಟುವಾಗ ಅವಳನ್ನು ಬಿಟ್ಟು ಮುಂದೆ ಹೋಯಿತು. ಅವಳೂ ಕೈ ನೀಡಲಿಲ್ಲ. ಮಧ್ಯಾಹ್ನ ಮಿಕ್ಕವರೆಲ್ಲ ಗಿಡಗಳ ಬುಡದಲ್ಲಿ ತಟ್ಟೆ ತೊಳೆದರೆ ಅವಳು ಗೇಟಿನ ಹತ್ತಿರದ ನಲ್ಲಿಗೆ ಹೋಗುತ್ತಿದ್ದಳು. ತರಗತಿಯಲ್ಲಿ ಹೂವಿನ ಭಾಗಗಳ ಚಿತ್ರ ಬರೆದು, ಬಾ, ಕೇಸರ ಯಾವುದು ತೋರಿಸು ಎಂದರೆ ಸ್ಕೇಲು ತಂದು ಅದರಿಂದ ತೋರಿಸಿದಳು. ಶಿಸ್ತಿನ ಹುಡುಗಿ ಎಂದುಕೊಂಡೆ. ನಾನು ಎಂಥ ಟೀಚರು ನೋಡಿ.

ತಿಳಿದದ್ದು ಹಕ್ಕಿಗಳಿಂದ. ಕೊಕ್ಕರೆ ಬೆಳ್ಳೂರಿಗೆ ಬಂದ ಹೆಜ್ಜಾರ್ಲೆಗಳು ಒಂದು ಮಧ್ಯಾಹ್ನ ನಮ್ಮ ಶಾಲೆಯ ಮೇಲೆ ರೆಕ್ಕೆ ಆಡಿಸದೆ ತೇಲಿಕೊಂಡು ಹೋದವು. ಊಟಕ್ಕೆ ಕೂತಿದ್ದ ಮಕ್ಕಳೆಲ್ಲ ಎದ್ದು ಎಂಜಲು ಕೈಗಳನ್ನು ಆಕಾಶಕ್ಕೆ ಚಾಚಿದರು. ಅವಳೊಬ್ಬಳು ಎರಡು ಕೈಗಳನ್ನೂ ಕಂಕುಳಲ್ಲಿ ಅವುಚಿಕೊಂಡು ಕತ್ತು ಮಾತ್ರ ಎತ್ತಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿದೆ. "ಮರಿ ಮಾಡಕ್ಕೆ ಬಂದವೆ ಮಿಸ್," ಎಂದಳು. ತನ್ನ ಬೆರಳು ತಾಕಿ ಹಕ್ಕಿಗಳಿಗೆ ಏನಾದರೂ ಆದೀತೆಂದು ಆ ಮಗು ಹೆದರಿತ್ತು. ನಾನು ಕಲಸಿದ್ದ ಅನ್ನವನ್ನು ತಿನ್ನಲಾಗದೆ ಎದ್ದೆ.

ಅದೇ ವಾರ ಅವಳ ಅಜ್ಜಿ ಶಾಲೆಯ ಗೇಟಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ಏನಿಲ್ಲ ಮೇಡಮ್ಮೋರೆ, ನಮ್ ಮಗೀನ ಕೈ ಕೆಟ್ಟದಂತೆ, ನೀವೇ ಅಂದ್ರಂತೆ. ಈ ಸಲ ಅವರೆ ಊರಕ್ಕೆ ಯಾರೂ ಕರೀನಿಲ್ಲ ಅದ್ನ. ಏನಾರ ಸಾಂತಿ ಗೀಂತಿ ಮಾಡುಸ್ಬೇಕಾ, ಕೇಳ್ಕ ಓಗವಾ ಅಂತ ಬಂದೆ," ಎಂದರು.

"ಅದೆಲ್ಲ ಸುಳ್ಳು ಅಜ್ಜಿ. ಬೆರಳು ತೋರಿಸಿದ್ರೆ ಯಾವ ಕಾಯೂ ಕೊಳೆಯಲ್ಲ," ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟಿರಲಿಲ್ಲ, ಅರ್ಥವಾಗದ ನೋಟ ಅದು. "ಸುಳ್ಳಾದ್ರೆ ನೀವ್ಯಾಕಂದ್ರಿ? ನಾವಂದ್ರೆ ಓದು ಬರ್ದೋರು ಅಂತಾರೆ. ಸಾಲೆ ಮೇಡಮ್ಮೋರೇ ಅಂದ್ಮೇಲೆ ದಿಟವೇ ಅಂದ್ಕತ್ತಾರೆ ಜನ," ಎಂದು ಸೆರಗು ಹೊದ್ದುಕೊಂಡು ಹೊರಟುಹೋದರು.

ಆ ಸಂಜೆ ಮಂಡ್ಯದ ಬಸ್ಸಿನಲ್ಲಿ ಗೆಜ್ಜಲಗೆರೆಯ ಜನ ಹತ್ತಿದಾಗ ನಾನು ತಲೆ ಬಗ್ಗಿಸಿ ಕೂತಿದ್ದೆ. ಹುಡುಗಿಯ ತಾಯಿ ಈ ಬಸ್ಸಿಗೆ ಬರುವವಳಲ್ಲ, ಅವಳದು ಎದುರು ದಿಕ್ಕು. ಆದರೂ ಯಾರೋ ಹೆಸರು ಹಿಡಿದು ಕೇಳಿಬಿಡುತ್ತಾರೇನೋ ಎಂದು ನಾಚಿಕೆಯಾಗುತ್ತಿತ್ತು.

ಮಾಡಿದ್ದನ್ನು ಸರಿಪಡಿಸಬೇಕೆಂದು ನಿರ್ಧರಿಸಿದೆ. ಅಷ್ಟು ಹೊತ್ತಿಗೆ ಹೊಸದಾಗಿ ಹಾಕಿದ್ದ ಸೋರೆ ಬಳ್ಳಿ ಚಪ್ಪರ ಹತ್ತಿ ನಾಲ್ಕಾರು ಹೀಚು ಹಿಡಿದಿತ್ತು. ಶನಿವಾರ ಬೆಳಿಗ್ಗೆ ಐದು, ಆರು, ಏಳು ಮೂರು ತರಗತಿಗಳನ್ನೂ ಚಪ್ಪರದ ಕೆಳಗೆ ನಿಲ್ಲಿಸಿ, ನಮ್ಮ ಹಿರಿಯರ ನಂಬಿಕೆ ಹೀಗಿದೆ, ಅದಕ್ಕೆ ಆಧಾರವಿಲ್ಲ, ಇವತ್ತು ನಾವೇ ಪರೀಕ್ಷೆ ಮಾಡೋಣ ಎಂದು ಗಂಭೀರವಾಗಿ ಹೇಳಿದೆ. "ಎಲ್ಲರೂ ತೋರಿಸಿ. ನೋಡಿ, ನಾನೂ ತೋರಿಸ್ತೀನಿ," ಎಂದು ಕೈ ಎತ್ತಿದೆ. ಹುಡುಗರು ಕಿಸಕ್ಕನೆ ನಗುತ್ತ ಒಬ್ಬೊಬ್ಬರೇ ಬೆರಳು ಎತ್ತಿದರು. ಏಳನೆಯ ತರಗತಿಯ ಯಜಮಾನನೂ ಎತ್ತಿದ. ಅವಳು ಎತ್ತಲಿಲ್ಲ.

"ನೀನೂ ತೋರಿಸಮ್ಮ," ಎಂದೆ.

ತಲೆಯಾಡಿಸಿದಳು.

"ಎಲ್ಲರೂ ತೋರಿಸ್ತಿದ್ದಾರಲ್ಲ. ನಾನೇ ತೋರಿಸ್ತಿದ್ದೀನಲ್ಲ."

"ನೀವು ಮಡಚ್ಕಂಡಿದ್ದೀರಿ ಮಿಸ್," ಎಂದಳು.

ನನ್ನ ಕೈ ನೋಡಿಕೊಂಡೆ. ಎತ್ತಿದ ಕೈಯಲ್ಲಿ ತೋರುಬೆರಳು ಗೆಣ್ಣಿಗೆ ಮಡಚಿಕೊಂಡಿತ್ತು. ನನಗೆ ಗೊತ್ತಿಲ್ಲದೆಯೇ. ನನ್ನನ್ನು ನಂಬಿ ನೆಟ್ಟಗೆ ಬೆರಳು ಚಾಚಿದ್ದ ಮಕ್ಕಳೆಲ್ಲ ನನ್ನ ಕೈ ನೋಡಿದರು. ಮೊದಲು ಏಳನೆಯ ತರಗತಿಯವನು ಮೆಲ್ಲಗೆ ಬೆರಳನ್ನು ಒಳಗೆಳೆದುಕೊಂಡ, ಆಮೇಲೆ ಉಳಿದವರು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನ್ನುತ್ತಾರಲ್ಲ, ಹಾಗಾಯಿತು. ಪರೀಕ್ಷೆ ಅಲ್ಲಿಗೇ ಮುಗಿಯಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಸಲೀಸಾಗುತ್ತಿತ್ತು.

ಅದಾದ ಮೇಲೆ ಆ ವಿಷಯ ಎತ್ತುವ ಧೈರ್ಯ ನನಗೆ ಬರಲಿಲ್ಲ. ತೋಟಕ್ಕೆ ಹೋಗುವುದನ್ನೂ ಕಡಿಮೆ ಮಾಡಿದೆ. ಹೋಗುತ್ತಿದ್ದವಳು ಅವಳು. ಊಟದ ಬೆಲ್ಲಿಗೆ ಮುಂಚೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದು ಚಪ್ಪರದ ಹತ್ತಿರ ಕೈ ಕಟ್ಟಿಕೊಂಡು ನಿಂತಿರುತ್ತಿದ್ದಳು. ಕೈಗೆ ಬಹಿಷ್ಕಾರ ಹಾಕಿದ್ದರೂ ಕಣ್ಣಿಗೆ ಯಾರೂ ಹಾಕಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ನಾನು ಭಾಷಣದಲ್ಲಿ ಹೇಳಿದ ಆ ಗಮನಿಸುವುದು ಎನ್ನುವುದನ್ನು ಇಡೀ ಶಾಲೆಯಲ್ಲಿ ಮಾಡುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಊಟಕ್ಕೆ ಮುಂಚೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮಿಸ್, ಒಸಿ ಬತ್ತೀರಾ," ಎಂದಳು. ಹಿಂದೆ ಹೋದೆ. ಬಳ್ಳಿಯ ಒಂದು ಕವಲು ಅಡುಗೆ ಕೋಣೆಯ ಗೋಡೆ ದಾಟಿ, ಸೌದೆ ಒಟ್ಟಿದ್ದ ಮೂಲೆಗೆ ಇಳಿದಿತ್ತು. ಅವಳು ಸೌದೆಯ ಮೇಲಿನ ಹರಕು ಟಾರ್ಪಾಲನ್ನು ಎತ್ತಿದಳು. ಅಡಿಯಲ್ಲಿ ಒಂದು ಸೋರೆಯ ಹೀಚು, ಹಳದಿಯಾಗಿ, ಮೆತ್ತಗಾಗಿ, ತುದಿಯಲ್ಲಿ ಪಾಕದಂತೆ ಅಂಟು ಕಟ್ಟಿಕೊಂಡು ಬಿದ್ದಿತ್ತು.

"ಇದ್ನ ಯಾರೂ ತೋರ್ಸಿಲ್ಲ ಮಿಸ್. ಇಲ್ಲಿ ಅದೆ ಅಂತ್ಲೇ ಯಾರ್ಗೂ ಗೊತ್ತಿರ್ನಿಲ್ಲ. ಆದ್ರೂ ಕೊಳ್ತೋಗ್ಯದೆ."

ನಾನು ಏನೂ ಹೇಳುವ ಮುಂಚೆ ಅವಳು ಕಳೆ ಕೀಳುವ ಕುಡುಗೋಲು ತಂದಿದ್ದಳು. ಹೀಚನ್ನು ಕಲ್ಲಿನ ಮೇಲಿಟ್ಟು ಉದ್ದಕ್ಕೆ ಸೀಳಿದಳು. ಒಳಗೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಹಣ್ಣುನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಮರಿ ಹುಳ ಒಳಗಿನಿಂದ ತಿನ್ನುತ್ತದೆ, ಆ ಅಂಟು ಚುಚ್ಚಿದ ಗಾಯದಿಂದ ಬರುವುದು ಎಂದು ಹೇಳಿದೆ. ಇದು ನನಗೆ ಗೊತ್ತಿದ್ದ ವಿಷಯವೇ. ಯಾವಾಗಲೂ ಗೊತ್ತಿತ್ತು.

ಅವಳು ಹುಳಗಳನ್ನೇ ನೋಡುತ್ತ, "ಅವತ್ತಿಂದ್ರಲ್ಲೂ ಉಳ ಇದ್ವಾ ಮಿಸ್?" ಎಂದಳು.

"ಇದ್ದಿರಬೇಕು."

"ನೀವು ಕುಯ್ದು ನೋಡ್ನಿಲ್ವಲ್ಲ. ಯಾಕೆ?"

ಸುಲಭದ ಉತ್ತರಗಳು ಬಾಯಿಯ ತನಕ ಬಂದವು. ಹೊತ್ತಾಗಿತ್ತು, ಮರೆತೆ, ಕೈಯಲ್ಲಿ ಚಾಕು ಇರಲಿಲ್ಲ. ಅವಳ ಮುಖ ನೋಡಿ ಅವನ್ನು ನುಂಗಿಕೊಂಡೆ. "ನಾನೂ ನಿನ್ನ ಬೆರಳಿಂದಲೇ ಹೋಯ್ತು ಅಂದ್ಕೊಂಡಿದ್ದೆ ಕಣಮ್ಮ," ಎಂದೆ.

"ನೀವೂವಾ," ಎಂದಳು. ಅಷ್ಟೇ. ಕುಡುಗೋಲನ್ನು ಎಲೆಗೆ ಒರೆಸಿದಳು. "ಅಂಗಾರೆ ಎಲ್ರಿಗೂ ಏಳಿ ಮಿಸ್," ಎಂದಳು.

ಊಟದ ಸಾಲುಗಳು ಕೂತಿದ್ದವು. ಸೀಳಿದ ಹೀಚನ್ನು ಎಲೆಯ ಮೇಲಿಟ್ಟುಕೊಂಡು ಜಗಲಿಗೆ ಹೋಗಿ ನಿಂತೆ. ಹೆಡ್‌ಮಾಸ್ಟರು ಬಾಗಿಲಲ್ಲಿದ್ದರು, ಅಡುಗೆಯವರು ಸೌಟು ಹಿಡಿದು ನಿಂತಿದ್ದರು. ಅವತ್ತು ನಾನು ಹೇಳಿದ್ದು ಸುಳ್ಳು, ಹೊಡೆದದ್ದು ತಪ್ಪು, ಕೊಳೆತ ಹೀಚನ್ನು ಸೀಳಿ ನೋಡದೆ ಎಸೆದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಏಳನೆಯ ತರಗತಿಯವನು ತುತ್ತು ನುಂಗಿ, "ಅಂಗಾರೆ ಇವಳ ಕೈ ಚೆಂದಾಗೇ ಅದಾ ಮಿಸ್?" ಎಂದು ಕೇಳಿದ.

"ಚೆನ್ನಾಗೇ ಇದೆ. ಕೆಟ್ಟಿದ್ದು ನನ್ನ ಬಾಯಿ," ಎಂದೆ. ಅಡುಗೆಯವರು, ಉಣ್ಣೋ ಹೊತ್ತಲ್ಲಿ ಆ ಹುಳಾನ ಅತ್ಲಾಗೆ ತಗಂಡೋಗಿ ಮೇಡಂ ಎಂದು ಗೊಣಗಿದರು. ಅವಳು ಊಟ ಮುಗಿಸಿ, ಗೇಟಿನ ನಲ್ಲಿಗೆ ಹೋಗದೆ, ಚಪ್ಪರದ ಬುಡದಲ್ಲಿ ಕೂತು ತಟ್ಟೆ ತೊಳೆದಳು. ಮಾರನೆಯ ದಿನ ಎಲ್ಲರೂ ಸೇರಿ ಉಳಿದ ಹೀಚುಗಳಿಗೆ ನೊಣ ಕೂರದಂತೆ ಪೇಪರಿನ ಚೀಲ ಕಟ್ಟಿದೆವು.

ಶಾಲೆಯಲ್ಲಿ ಹೇಳಿದ್ದಾಯಿತು, ಊರಿಗೆ ಹೇಳಬೇಕಲ್ಲ. ಅದಕ್ಕೆ ನನಗೆ ಮತ್ತೂ ಕೆಲವು ದಿನ ಬೇಕಾದವು. ಕೊನೆಗೆ ಒಂದು ಸಂಜೆ ಬಸ್ಸು ಬಿಟ್ಟು ಅವಳ ಜೊತೆ ಅವಳ ಮನೆಗೆ ನಡೆದೆ. ಅಜ್ಜಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಮೊರ ಕೆಳಗಿಟ್ಟು ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ಮುಖ ಹೇಳಲಿಲ್ಲ. ಅಷ್ಟರಲ್ಲಿ ಹುಡುಗಿ ಬೇಲಿಯ ಹತ್ತಿರ ಹೋಗಿ, ಅಲ್ಲಿ ಹಬ್ಬಿದ್ದ ಕುಂಬಳದ ಬಳ್ಳಿಯಲ್ಲಿ ಆಗತಾನೆ ಹೂವು ಬಾಡಿದ್ದ ಒಂದು ಹೀಚಿಗೆ ನೆಟ್ಟಗೆ ಬೆರಳು ಚಾಚಿದಳು. ಅಜ್ಜಿ ಜಗಲಿಯಿಂದ ಎದ್ದರು.

"ನೀವೂ ತೋರ್ಸಿ ಮಿಸ್," ಎಂದಳು.

ತೋರಿಸಿದೆ. ಬೆರಳು ಗೆಣ್ಣಿನಲ್ಲಿ ಮಡಚಿಕೊಳ್ಳಲು ಹವಣಿಸುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ನೆಟ್ಟಗೆ ಇಟ್ಟುಕೊಂಡೆ. ಅಜ್ಜಿ ನನ್ನ ಬೆರಳನ್ನೂ ಹೀಚನ್ನೂ ಒಂದಾದ ಮೇಲೊಂದು ನೋಡಿದರು. ಆ ಹೀಚು ಕೊಳೆತರೆ ಅವಳ ಕೈ ಆ ಊರಲ್ಲಿ ಮತ್ತೆ ಮೇಲೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಅಂದಿನಿಂದ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಮೊದಲು ಅವಳನ್ನೇ ಹುಡುಕುತ್ತೇನೆ. ಹಾಜರಿ ಕರೆಯುವುದಕ್ಕೂ ಮುಂಚೆ, ಹೀಚು ಹೇಗಿದೆ ಎಂದು ಕೇಳುತ್ತೇನೆ. ಕೇಳುವಾಗ ನನ್ನ ದನಿಯಲ್ಲಿರುವ ಅಂಜಿಕೆ ನನಗೇ ಕೇಳಿಸಿ ನಾಚಿಕೆಯಾಗುತ್ತದೆ. ಮೊನ್ನೆಯೂ ಕೇಳಿದೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು, ಚಿಕ್ಕವರಿಗೆ ಸಮಾಧಾನ ಹೇಳುವ ಹಾಗೆ, "ಚೀಲ ಕಟ್ಟಿದೀನಿ ಮಿಸ್, ನೊಣ ಕೂರಕ್ಕಾಗಲ್ಲ. ನೀವು ಎಷ್ಟ್ ಬೇಕಾದ್ರೂ ತೋರ್ಸಿ," ಎಂದು ತರಗತಿಗೆ ಹೋದಳು.